ರೇಸ್ ಕಾರಿನಲ್ಲಿ ತಲೆ ಮಾತ್ರ ಯಾಕೆ ಹೊರಗೆ?

2009ರ ಜುಲೈ ತಿಂಗಳ ಒಂದು ವಾರದಿಂದ ಶುರು ಮಾಡುತ್ತೇನೆ. ಜುಲೈ 19, ಭಾನುವಾರ. ಇಂಗ್ಲೆಂಡಿನ ಬ್ರಾಂಡ್ಸ್ ಹ್ಯಾಚ್‌ನಲ್ಲಿ ಫಾರ್ಮುಲಾ 2 ರೇಸ್. ಒಂದು ಕಾರು ಹೋಗಿ ಬದಿಗೆ ಬಡಿಯಿತು, ಅದರ ಚಕ್ರ ಕಿತ್ತುಕೊಂಡು ಬಂತು. ಪುಟಿಯುತ್ತಾ ಬಂದ ಆ ಚಕ್ರ ಹೆನ್ರಿ ಸರ್ಟೀಸ್ ಎಂಬ ಹುಡುಗನ ತಲೆಗೆ ಹೊಡೆಯಿತು. ಅವನಿಗೆ ಆಗ 18 ವರ್ಷ. 1964ರ ವಿಶ್ವ ಚಾಂಪಿಯನ್ ಜಾನ್ ಸರ್ಟೀಸ್ ಅವರ ಮಗ. ಹುಡುಗ ಉಳಿಯಲಿಲ್ಲ.

ಆರು ದಿನ ಕಳೆಯಿತು. ಜುಲೈ 25, ಹಂಗೇರಿ. ಫಾರ್ಮುಲಾ 1 ಅರ್ಹತಾ ಸುತ್ತು. ರೂಬೆನ್ಸ್ ಬ್ಯಾರಿಕೆಲ್ಲೊ ಅವರ ಕಾರಿನಿಂದ ಒಂದು ಸ್ಪ್ರಿಂಗ್ ಕಳಚಿ ಬಿತ್ತು. ತೂಕ ಒಂದು ಕೆಜಿಗಿಂತ ಸ್ವಲ್ಪ ಕಡಿಮೆ. ಹಿಂದೆ ಸುಮಾರು 260 ಕಿ.ಮೀ. ವೇಗದಲ್ಲಿ ಬರುತ್ತಿದ್ದ ಫೆಲಿಪೆ ಮಾಸಾ ಅವರ ಎಡಗಣ್ಣಿನ ಮೇಲ್ಭಾಗಕ್ಕೆ, ಹೆಲ್ಮೆಟ್ಟೂ ಕಣ್ಣ ಮುಂದಿನ ಪಾರದರ್ಶಕ ಪರದೆಯಾದ ವೈಸರೂ ಸೇರುವ ಅಂಚಿಗೆ ಅದು ಬಡಿಯಿತು. ತಲೆಬುರುಡೆ ಬಿರುಕು ಬಿಟ್ಟಿತು. ಅವರು ಬದುಕಿದರು, ಮುಂದಿನ ವರ್ಷ ಮತ್ತೆ ರೇಸಿಗೂ ಬಂದರು.

ಈ ಎರಡನ್ನು ನಾನು ಒಟ್ಟಿಗೆ ಹೇಳಿದ್ದಕ್ಕೆ ಕಾರಣ ಇದೆ. ಕೇಳುವಾಗ ಎರಡೂ ಒಂದೇ ಥರ ಅನ್ನಿಸುತ್ತದೆ. ಏನೋ ಹಾರಿ ಬಂತು, ತಲೆಗೆ ಬಡಿಯಿತು, ಅಷ್ಟೇ ಅಲ್ವಾ? ಅಲ್ಲ. ಚಕ್ರ ಮತ್ತು ಟೈರ್ ಸೇರಿ ಸುಮಾರು 20 ಕೆಜಿ. ಅದನ್ನು ತಡೆಯಬಲ್ಲ ಹೆಲ್ಮೆಟ್ ಯಾವುದೂ ಇಲ್ಲ. ಹೆಲ್ಮೆಟ್ ಒಡೆಯದೇ ಇದ್ದರೂ ಕತ್ತು ತಡೆಯುವುದಿಲ್ಲ. ಸ್ಪ್ರಿಂಗ್ ಹಾಗಲ್ಲ. ಅದನ್ನು ಹೆಲ್ಮೆಟ್ ತಡೆಯಬಹುದು, ಆದರೆ ದೊಡ್ಡ ಚಕ್ರವನ್ನು ತಡೆಯಲು ಹಾಕಿದ ಕಂಬಿಯ ಸಂದಿಯಲ್ಲಿ ಅದು ಸಲೀಸಾಗಿ ತೂರಿ ಬರುತ್ತದೆ. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಇವತ್ತು ನಾನು ಹೇಳುವುದೆಲ್ಲ ಈ ಒಂದು ತೊಡಕಿನ ಸುತ್ತಲೇ ಇದೆ.

ಮೊದಲು ಚಕ್ರದ ವಿಷಯ. ಸಾಮಾನ್ಯ ಕಾರಿನಲ್ಲಿ ಚಕ್ರದ ಮೇಲೆ ಮಡ್‌ಗಾರ್ಡ್ ಇರುತ್ತದೆ. ಫಾರ್ಮುಲಾ ಕಾರುಗಳಲ್ಲಿ ನಾಲ್ಕೂ ಚಕ್ರ ಬಯಲಿಗೆ. ಇದರಿಂದ ಏನಾಗುತ್ತದೆ ಅಂತ ಸ್ವಲ್ಪ ಕಣ್ಮುಂದೆ ತಂದುಕೊಳ್ಳಿ. ಮುಂದಕ್ಕೆ ಉರುಳುವ ಚಕ್ರದ ಹಿಂಬದಿ ಯಾವಾಗಲೂ ಮೇಲಕ್ಕೆ ಹೋಗುತ್ತಿರುತ್ತದೆ, ಮುಂಬದಿ ಕೆಳಕ್ಕೆ ಬರುತ್ತಿರುತ್ತದೆ. ಈಗ ಹಿಂದಿನ ಕಾರಿನ ಮುಂದಿನ ಚಕ್ರ ಹೋಗಿ ಮುಂದಿನ ಕಾರಿನ ಹಿಂದಿನ ಚಕ್ರಕ್ಕೆ ತಾಗಿತು ಅನ್ನಿ. ಮೇಲಕ್ಕೆ ಹೋಗುವ ರಬ್ಬರು, ಕೆಳಕ್ಕೆ ಬರುವ ರಬ್ಬರು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹಿಂದಿನ ಕಾರು ಏಣಿ ಹತ್ತಿದ ಹಾಗೆ ಮೇಲೇರಿ ಗಾಳಿಗೆ ಹಾರುತ್ತದೆ. ಹಾರಿದ ಕಾರು ಎಲ್ಲಿ ಇಳಿಯುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಆ ಜಾಗದಲ್ಲಿ ಇನ್ನೊಬ್ಬನ ತಲೆ ಇರಬಹುದು. ಚಕ್ರ ಬಯಲಿಗಿರುವುದು, ತಲೆ ಬಯಲಿಗಿರುವುದು, ಎರಡೂ ಸೇರಿದ್ದೇ ಈ ರೇಸಿನ ನಿಜವಾದ ಅಪಾಯ.

ಚಕ್ರ ಕಳಚಿ ಹಾರದಿರಲಿ ಅಂತ ಅದನ್ನು ಕಾರಿಗೆ ಗಟ್ಟಿ ಹಗ್ಗದಿಂದ ಕಟ್ಟುತ್ತಾರೆ. ಫಾರ್ಮುಲಾ 1ರಲ್ಲಿ 2011ರಲ್ಲಿ ಒಂದೊಂದು ಚಕ್ರಕ್ಕೂ ಎರಡೆರಡು ಹಗ್ಗ ಬಂದವು. ಇದರಿಂದ ತುಂಬಾ ಉಪಯೋಗವಾಗಿದೆ. ಆದರೂ ಹಗ್ಗ ಹರಿದದ್ದುಂಟು.

ಇನ್ನು ಹೆಲ್ಮೆಟ್. ಫಾರ್ಮುಲಾ 1ರಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು 1952ರಲ್ಲಿ. ಆಗಿನದು ತಲೆಯ ಮೇಲೆ ಕವುಚಿದ ಬಟ್ಟಲಿನ ಹಾಗೆ, ಮುಖವೆಲ್ಲ ಖಾಲಿ. ಇಡೀ ಮುಖ ಮುಚ್ಚುವ ಹೆಲ್ಮೆಟ್ಟನ್ನು ಡ್ಯಾನ್ ಗರ್ನಿ ಹಾಕಿಕೊಂಡು ಬಂದದ್ದು 1968ರಲ್ಲಿ. 1972ರ ಫ್ರೆಂಚ್ ಗ್ರ್ಯಾಂಡ್ ಪ್ರಿಯಲ್ಲಿ ಮುಂದಿನ ಕಾರಿನ ಚಕ್ರದಿಂದ ಚಿಮ್ಮಿದ ಕಲ್ಲೊಂದು ಹೆಲ್ಮುಟ್ ಮಾರ್ಕೊ ಅವರ ವೈಸರನ್ನು ತೂರಿಕೊಂಡು ಹೋಗಿ ಎಡಗಣ್ಣನ್ನೇ ತೆಗೆಯಿತು. ಅಲ್ಲಿಗೆ ಅವರ ರೇಸಿಂಗ್ ಮುಗಿಯಿತು. ಒಂದು ಕಲ್ಲು ಅಷ್ಟೇ.

ಹೆಲ್ಮೆಟ್ ನಿಜವಾಗಿ ಮಾಡುವ ಕೆಲಸ ಏನು? ಗಟ್ಟಿ ಇರುವುದು ಅಂತ ತುಂಬಾ ಜನ ಹೇಳುತ್ತಾರೆ. ಅರ್ಧ ಸರಿ. ಹೊರಗಿನ ಕಾರ್ಬನ್ ಫೈಬರ್ ಚಿಪ್ಪು ಗಟ್ಟಿ ಇರಬೇಕು, ಏನೂ ಒಳಗೆ ತೂರಬಾರದು. ಆದರೆ ಒಳಗಿನ ಫೋಮ್ ಕುಸಿಯಬೇಕು. ಕುಸಿಯುವುದೇ ಅದರ ಕೆಲಸ. ಒಂದು ಲೆಕ್ಕ ಹೇಳುತ್ತೇನೆ. ಈಗಿನ ನಿಯಮದ ಪ್ರಕಾರ ಹೆಲ್ಮೆಟ್ಟನ್ನು ಸೆಕೆಂಡಿಗೆ 9.5 ಮೀಟರ್ ವೇಗದಲ್ಲಿ ಗಟ್ಟಿ ಕಬ್ಬಿಣಕ್ಕೆ ಬಡಿಯುತ್ತಾರೆ. ನಾಲ್ಕೂವರೆ ಮೀಟರ್ ಎತ್ತರದಿಂದ ತಲೆ ಕೆಳಗಾಗಿ ಬಿದ್ದಷ್ಟು ಜೋರು ಅದು. ಫೋಮ್ ನಾಲ್ಕು ಸೆಂಟಿಮೀಟರ್ ಕುಸಿದು ಆ ತಲೆಯನ್ನು ನಿಲ್ಲಿಸಿದರೆ ಸರಾಸರಿ 115 ಜಿ ಆಗುತ್ತದೆ, ಅಂದರೆ ತಲೆ ತನ್ನ ತೂಕದ 115 ಪಟ್ಟು ಒತ್ತಡ ತಿನ್ನುತ್ತದೆ. ಅದೇ ತಲೆ ನಾಲ್ಕು ಮಿಲಿಮೀಟರಿನಲ್ಲಿ ನಿಂತರೆ ಸಾವಿರ ಜಿ ದಾಟುತ್ತದೆ. ವೇಗ ಒಂದೇ, ಬಿದ್ದ ಎತ್ತರ ಒಂದೇ. ನಿಲ್ಲಲು ಸಿಕ್ಕ ಜಾಗ ಮಾತ್ರ ಬೇರೆ. ಬದುಕಿಗೂ ಸಾವಿಗೂ ನಡುವೆ ಇರುವುದು ಆ ನಾಲ್ಕು ಸೆಂಟಿಮೀಟರ್ ಫೋಮ್.

ಹೀಗಾಗಿಯೇ 1996ರಲ್ಲಿ ಕಾಕ್‌ಪಿಟ್ಟಿನ, ಅಂದರೆ ಚಾಲಕ ಕೂರುವ ಜಾಗದ, ಅಂಚನ್ನು ಎತ್ತರ ಮಾಡಿದರು, ತಲೆಯ ಸುತ್ತ ಕುದುರೆ ಲಾಳದ ಆಕಾರದ ದಪ್ಪ ದಿಂಬು ಇಟ್ಟರು. ರೇಸ್ ಮುಗಿದ ಮೇಲೆ ಚಾಲಕರು ಕಾರಿನಿಂದ ಇಳಿಯುವ ಮುಂಚೆ ಮೊದಲು ಸ್ಟೀರಿಂಗ್ ಬಿಚ್ಚುತ್ತಾರೆ, ಆಮೇಲೆ ಸುತ್ತಲಿನ ಒಂದು ಚೌಕಟ್ಟನ್ನು ಎತ್ತುತ್ತಾರೆ, ನೋಡಿದ್ದೀರಲ್ಲ? ಅದೇ ಇದು. ಆ ಫೋಮಿನ ಒಂದು ಸ್ವಭಾವ ನನಗೆ ತುಂಬಾ ಇಷ್ಟ. ಬೆರಳಿನಿಂದ ನಿಧಾನ ಒತ್ತಿದರೆ ಹಿಟ್ಟಿನ ಹಾಗೆ ಒಳಕ್ಕೆ ಹೋಗುತ್ತದೆ, ಗುದ್ದಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಬಿಸಿಯಾದರೆ ಅದು ಮೆತ್ತಗಾಗುತ್ತದೆ. ಅದಕ್ಕೇ ಗುಲಾಬಿ ಬಣ್ಣದ್ದು ಒಂದು, ನೀಲಿ ಬಣ್ಣದ್ದು ಒಂದು ಇಟ್ಟುಕೊಂಡು ಆ ದಿನದ ಬಿಸಿಲು ನೋಡಿ ಹಾಕುತ್ತಾರೆ.

ಈವರೆಗೆ ಹೇಳಿದ್ದು ತಲೆಗೆ ಪೆಟ್ಟು ಬಿದ್ದರೆ ಏನು ಅಂತ. ತಲೆಗೆ ಏನೂ ತಾಗದೆಯೂ ಸಾಯಬಹುದು. ಕಾರು ಗೋಡೆಗೆ ಬಡಿದು ಗಕ್ಕನೆ ನಿಲ್ಲುತ್ತದೆ. ಬೆಲ್ಟು ಎದೆಯನ್ನು ಹಿಡಿದುಕೊಂಡಿದೆ. ತಲೆಯನ್ನು ಯಾರು ಹಿಡಿದಿದ್ದಾರೆ? ಕತ್ತು ಮಾತ್ರ. ತಲೆ, ಹೆಲ್ಮೆಟ್ ಸೇರಿ ಆರು ಕೆಜಿ ಅಂದುಕೊಳ್ಳಿ. 67 ಜಿ ಹೊಡೆತದಲ್ಲಿ ಅದು 400 ಕೆಜಿಯಷ್ಟು ಜಗ್ಗುತ್ತದೆ. ಈ 67 ಎಂಬ ಸಂಖ್ಯೆ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. ಹಾಗೆ ಜಗ್ಗಿದಾಗ ತಲೆಬುರುಡೆಯ ತಳವೇ ಮುರಿಯುತ್ತದೆ. 1994ರಲ್ಲಿ ಇಮೊಲಾದಲ್ಲಿ ರೋಲಾಂಡ್ ರಾಟ್ಜೆನ್‌ಬರ್ಗರ್ ಅವರಿಗೆ ಆದದ್ದು ಅದೇ. ಮರುದಿನ ಅದೇ ಟ್ರ್ಯಾಕಿನಲ್ಲಿ ಐರ್ಟನ್ ಸೆನ್ನಾ ಹೋದರು, ಚಕ್ರವನ್ನು ಕಾರಿಗೆ ಜೋಡಿಸುವ ಸಸ್ಪೆನ್ಷನ್ನಿನ ತುಂಡೊಂದು ಹೆಲ್ಮೆಟ್ಟಿಗೆ ಚುಚ್ಚಿಕೊಂಡು. ಒಂದೇ ವಾರಾಂತ್ಯ, ಇಲ್ಲೂ ಎರಡು ಬೇರೆ ಬೇರೆ ಸಾವು.

ಕತ್ತಿನ ಸಮಸ್ಯೆಗೆ ಉತ್ತರ ಕಂಡುಹಿಡಿದವರು ಅಮೆರಿಕದ ರಾಬರ್ಟ್ ಹಬ್ಬರ್ಡ್ ಎಂಬ ಪ್ರಾಧ್ಯಾಪಕರು ಮತ್ತು ಅವರ ಭಾವ, ರೇಸರ್ ಜಿಮ್ ಡೌನಿಂಗ್. ಅದರ ಹೆಸರು ಹ್ಯಾನ್ಸ್. ಹೆಗಲ ಮೇಲೆ ಕೂರುವ ನೊಗದಂಥ ಒಂದು ಪಟ್ಟಿ. ಬೆಲ್ಟು ಅದರ ಮೇಲೆ ಹಾದು ಅದನ್ನು ಅಮುಕಿ ಹಿಡಿಯುತ್ತದೆ. ಅದರಿಂದ ಹೆಲ್ಮೆಟ್ಟಿಗೆ ಎರಡು ಕಡೆ ಚಿಕ್ಕ ಪಟ್ಟಿ. ತಲೆ ಮುಂದಕ್ಕೆ ಚಿಮ್ಮಿದಾಗ ಅದನ್ನು ಹಿಡಿದು ಜಗ್ಗುವುದು ಕತ್ತಲ್ಲ, ಆ ಪಟ್ಟಿ. ಎಷ್ಟು ಸರಳ ನೋಡಿ. ಇದು 1980ರ ದಶಕದಲ್ಲೇ ಇತ್ತು. ಫಾರ್ಮುಲಾ 1ರಲ್ಲಿ ಕಡ್ಡಾಯವಾದದ್ದು 2003ರಲ್ಲಿ. ನಡುವಿನ ಆ ವರ್ಷಗಳನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಹೆಗಲು ಒತ್ತುತ್ತದೆ, ಕತ್ತು ತಿರುಗುವುದಿಲ್ಲ ಅಂತ ಚಾಲಕರೇ ಬೇಡ ಅಂದರು.

ಬೇಡ ಅಂದದ್ದು ಅದೊಂದನ್ನೇ ಅಲ್ಲ. ಹಾಲೋ, ಅಂದರೆ ಚಾಲಕನ ತಲೆಯ ಸುತ್ತ ಹಾಕುವ ಬಳೆಯಂಥ ಚೌಕಟ್ಟು, ಅದರ ಕಥೆಗೆ ಬರೋಣ.

2009ರ ಆ ವಾರದ ನಂತರ ಎಫ್‌ಐಎ, ಅಂದರೆ ಕಾರ್ ರೇಸಿಂಗಿನ ನಿಯಮ ಮಾಡುವ ಜಾಗತಿಕ ಸಂಸ್ಥೆ, ಅದರ ಕಡೆಯ ಎಂಜಿನಿಯರುಗಳು ಪ್ರಯೋಗಕ್ಕೆ ಇಳಿದರು. 2011ರಲ್ಲಿ 20 ಕೆಜಿಯ ಚಕ್ರವೊಂದನ್ನು ಗಂಟೆಗೆ 225 ಕಿ.ಮೀ. ವೇಗದಲ್ಲಿ ಹಾರಿಸಿ ಗುರಿಗೆ ಹೊಡೆದರು. ಇದರ ಜೋರು ಎಷ್ಟು ಅಂದರೆ, 200 ಮೀಟರ್ ಎತ್ತರದ ಕಟ್ಟಡದಿಂದ ಅದೇ ಚಕ್ರವನ್ನು ಕೆಳಗೆ ಬಿಟ್ಟ ಹಾಗೆ. ಗುರಿ ಏನು? ಒಂದು ಸಲ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿನ ಗಾಳಿತಡೆ, ಇನ್ನೊಂದು ಸಲ ಯುದ್ಧ ವಿಮಾನದ ಮುಚ್ಚಳ. ವಿಮಾನದ ಮುಚ್ಚಳ ಚಕ್ರವನ್ನು ಆಚೆಗೆ ಚಿಮ್ಮಿಸಿತು. ಹಾಗಾದರೆ ಅದನ್ನೇ ಹಾಕಬಹುದಿತ್ತಲ್ಲ ಅಂತ ನೀವು ಕೇಳಬೇಕು. ನಾನೂ ಕೇಳಿದ್ದೆ. ಬೆಂಕಿ ಹತ್ತಿದ ಕಾರು, ಮುಚ್ಚಳ ಸಿಕ್ಕಿಹಾಕಿಕೊಂಡಿದೆ, ಚಾಲಕ ಒಳಗಿದ್ದಾನೆ. ಅಥವಾ ಕಾರು ಬೋರಲಾಗಿ ಬಿದ್ದಿದೆ. ಆಗ ತಲೆ ಕಾಯುವ ಮುಚ್ಚಳವೇ ಅವನನ್ನು ಒಳಗೆ ಕೂಡಿಹಾಕುತ್ತದೆ. ಸಾಲದ್ದಕ್ಕೆ ಮಳೆ, ಮಂಜು ಹಿಡಿಯುವುದು, ಒಳಗಿನ ಸೆಕೆ.

ಹೀಗೆ ಒಂದೊಂದನ್ನೇ ಪಕ್ಕಕ್ಕಿಡುತ್ತಾ ಬಂದು ಕೊನೆಗೆ ಉಳಿದದ್ದು ಮೂರು ಕಾಲಿನ ಒಂದು ಬಳೆ, ಅದೇ ಹಾಲೋ. ಮುಂದೆ ಒಂದು ಕಂಬ, ಅದರಿಂದ ತಲೆಯ ಸುತ್ತ ಎರಡೂ ಬದಿಗೆ ಬಾಗಿ ಹಿಂದಕ್ಕೆ ಹೋಗುವ ಕೊಳವೆ. ಟೈಟಾನಿಯಮ್ಮಿನದು, ಸುಮಾರು 7 ಕೆಜಿ. ಅದರ ಮೇಲೆ 12 ಟನ್‌ಗಿಂತ ಜಾಸ್ತಿ ಭಾರ ಹೇರಿ ಪರೀಕ್ಷೆ ಮಾಡುತ್ತಾರೆ. ಏಳು ಕೆಜಿ ಹೊರುವುದು ಹನ್ನೆರಡು ಟನ್.

ಕಣ್ಣ ಮುಂದೆಯೇ ಕಂಬ ಇದ್ದರೆ ರಸ್ತೆ ಹೇಗೆ ಕಾಣುತ್ತದೆ? ಎಲ್ಲರೂ ಕೇಳುವ ಪ್ರಶ್ನೆ. ಈಗಲೇ ನೋಡಿಬಿಡೋಣ. ಕೈಯಲ್ಲಿ ಪೆನ್ನು ಇದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ತೋರುಬೆರಳು ಸಾಕು. ಮೂಗಿನ ನೇರಕ್ಕೆ, ತೋಳು ಅರ್ಧ ಚಾಚಿ, ನೆಟ್ಟಗೆ ಹಿಡಿಯಿರಿ. ಪೆನ್ನನ್ನು ನೋಡಬೇಡಿ. ನನ್ನನ್ನು ನೋಡಿ. ಪೆನ್ನು ಎರಡಾಯಿತು ಅಲ್ವಾ? ಎರಡೂ ಮಸುಕು, ಎರಡರ ಹಿಂದೆಯೂ ನಾನು ಕಾಣುತ್ತಿದ್ದೇನೆ. ಈಗ ಒಂದು ಕಣ್ಣು ಮುಚ್ಚಿ. ಪೆನ್ನು ತಟ್ಟನೆ ಗಟ್ಟಿಯಾಗಿ ಅಡ್ಡ ಬಂತು. ಎರಡು ಕಣ್ಣಿನ ನಡುವಿನ ದೂರಕ್ಕಿಂತ ಕಂಬ ತೆಳುವಾಗಿದ್ದರೆ, ಒಂದು ಕಣ್ಣಿಗೆ ಮರೆಯಾದದ್ದು ಇನ್ನೊಂದಕ್ಕೆ ಕಾಣುತ್ತದೆ. ಚಾಲಕ ನೋಡುವುದು ದೂರದ ತಿರುವನ್ನು. ಕಂಬ ಅವನ ಪಾಲಿಗೆ ಇಲ್ಲವೇ ಇಲ್ಲ.

ಇದಕ್ಕಿಂತ ಪೂರ್ತಿ ಪಾರದರ್ಶಕ ಗಾಜಿನಂಥ ತಡೆಯೇ ಕಣ್ಣಿಗೆ ಹೆಚ್ಚು ತೊಂದರೆ ಕೊಟ್ಟಿತು. 2017ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಸೆಬಾಸ್ಟಿಯನ್ ವೆಟೆಲ್ ‘ಶೀಲ್ಡ್’ ಎಂಬ ಬಾಗಿದ ತಡೆ ಹಾಕಿಕೊಂಡು ಹೊರಟರು. ಒಂದೇ ಸುತ್ತಿಗೆ ತಲೆ ಸುತ್ತಿದ ಹಾಗಾಗಿ ವಾಪಸ್ ಬಂದರು. ಬಾಗಿದ ಜಾಗದಲ್ಲಿ ರಸ್ತೆಯೂ ಬಾಗಿ ಕಾಣುತ್ತಿತ್ತು. ಅದರ ಕಥೆ ಅಲ್ಲಿಗೇ ನಿಂತಿತು.

2018ರಿಂದ ಹಾಲೋ ಕಡ್ಡಾಯ ಅಂದಾಗ ಎದ್ದ ಗಲಾಟೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಚಪ್ಪಲಿಯ ಪಟ್ಟಿ ಇದ್ದ ಹಾಗಿದೆ ಅಂದರು. ಕೈಗೆ ಗರಗಸ ಕೊಟ್ಟರೆ ಕತ್ತರಿಸಿ ಹಾಕುತ್ತೇನೆ ಎಂಬರ್ಥದಲ್ಲಿ ಒಬ್ಬ ದೊಡ್ಡ ತಂಡದ ಮುಖ್ಯಸ್ಥರೇ ಮಾತಾಡಿದರು. ನನಗೂ ಮೊದಲು ಅದು ಇಷ್ಟವಾಗಲಿಲ್ಲ. ಚಾಲಕನ ಹೆಲ್ಮೆಟ್ಟು, ತಿರುವಿನಲ್ಲಿ ವಾಲುವ ಅವನ ತಲೆ, ಇವನ್ನು ನೋಡುತ್ತಾ ಬೆಳೆದವರಿಗೆ ಏನೋ ಕಿತ್ತುಕೊಂಡ ಹಾಗೆ ಅನ್ನಿಸಿತ್ತು. ನನ್ನ ಅನಿಸಿಕೆ ತಪ್ಪಾಗಿತ್ತು. ನೋಡುವವರ ಕಣ್ಣಿಗೆ ಚಂದ ಕಾಣಲಿ ಅಂತ ಇನ್ನೊಬ್ಬನ ತಲೆಯನ್ನು ಬಯಲಿಗಿಡು ಎನ್ನುವ ಹಕ್ಕು ನಮಗಿಲ್ಲ.

ಅದೇ ವರ್ಷ ಆಗಸ್ಟ್‌ನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ರೇಸ್ ಶುರುವಾಗಿ ಮೊದಲ ತಿರುವು. ಹಿಂದಿನಿಂದ ಗುದ್ದಿಸಿಕೊಂಡ ಫರ್ನಾಂಡೊ ಅಲೊನ್ಸೊ ಅವರ ಕಾರು ಹಾರಿ ಚಾರ್ಲ್ಸ್ ಲೆಕ್ಲೆರ್ ಅವರ ಕಾರಿನ ಮೇಲೆ ಹಾದುಹೋಯಿತು. ಲೆಕ್ಲೆರ್ ಇಳಿದು ಬಂದರು. ಅವರ ಹಾಲೋ ಮೇಲೆ ಟೈರಿನ ಕಪ್ಪು ಗೆರೆ, ಕಿತ್ತುಹೋದ ಬಣ್ಣ. ಆ ಹೊಡೆತ ಹಾಲೋ ತಡೆಯಬೇಕಾದ ಭಾರದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇತ್ತು ಅಂತ ಆಮೇಲೆ ಎಫ್‌ಐಎ ಲೆಕ್ಕ ಹಾಕಿತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. 2012ರಲ್ಲಿ ಇದೇ ಸ್ಪಾ, ಇದೇ ಮೊದಲ ತಿರುವು. ಆಗ ಹಾರಿದ ಕಾರು ರೊಮೈನ್ ಗ್ರೋಜಾನ್ ಅವರದು. ಕೆಳಗೆ ಇದ್ದ ತಲೆ ಇದೇ ಅಲೊನ್ಸೊ ಅವರದು. ಕೂದಲೆಳೆಯಲ್ಲಿ ತಪ್ಪಿತು. ಆ ಗ್ರೋಜಾನ್ ಮುಂದೆ ಹಾಲೋ ಬೇಡ ಅಂದವರಲ್ಲಿ ಒಬ್ಬರು.

2020ರ ನವೆಂಬರ್ 29, ಬಹ್ರೇನ್. ಗ್ರೋಜಾನ್ ಅವರ ಕಾರು ಗಂಟೆಗೆ 192 ಕಿ.ಮೀ. ವೇಗದಲ್ಲಿ ಕಬ್ಬಿಣದ ತಡೆಬೇಲಿಗೆ ನುಗ್ಗಿತು. 67 ಜಿ. ನೆನಪಿದೆಯಲ್ಲ ಆ ಸಂಖ್ಯೆ? ಕಾರು ಎರಡು ಹೋಳಾಯಿತು. ಮುಂದಿನ ಹೋಳು ಬೇಲಿಯ ಪಟ್ಟಿಗಳ ನಡುವೆ ತೂರಿ ನಿಂತಿತು, ಸುತ್ತ ಬೆಂಕಿ. ಪಟ್ಟಿಗಳ ನಡುವೆ ಅವರ ತಲೆಗೆ ದಾರಿ ಮಾಡಿದ್ದು ಹಾಲೋ. 1974ರಲ್ಲಿ ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಹೆಲ್ಮುಟ್ ಕೊಯ್ನಿಗ್ ಅವರ ಕಾರು ಹೀಗೇ ತಡೆಬೇಲಿಯ ಅಡಿಗೆ ನುಗ್ಗಿತ್ತು. ಅವರು ಅಲ್ಲೇ ಹೋದರು. ಗ್ರೋಜಾನ್ 27 ಸೆಕೆಂಡ್ ಬೆಂಕಿಯಲ್ಲಿದ್ದು ತಾವೇ ಎದ್ದು ಹೊರಗೆ ಬಂದರು. ಕೈ ಸುಟ್ಟಿತ್ತು. ತಲೆ, ಕತ್ತು ಎರಡೂ ಉಳಿದಿದ್ದವು. ಹೆಲ್ಮೆಟ್, ಹ್ಯಾನ್ಸ್, ದಿಂಬು, ಹಾಲೋ, ಇವುಗಳಲ್ಲಿ ಒಂದು ಕೈಕೊಟ್ಟಿದ್ದರೂ ಅವರು ಎದ್ದು ಬರುವ ಹಾಗಿರಲಿಲ್ಲ ಅಂತ ನನ್ನ ನಂಬಿಕೆ. ಕೆಲವು ವರ್ಷಗಳ ಹಿಂದೆ ನಾನು ಹಾಲೋ ಪರ ಇರಲಿಲ್ಲ, ಅದಿಲ್ಲದಿದ್ದರೆ ಇವತ್ತು ನಿಮ್ಮ ಜೊತೆ ಮಾತಾಡುತ್ತಿರಲಿಲ್ಲ ಅಂತ ಅವರು ಆಸ್ಪತ್ರೆಯಿಂದಲೇ ಹೇಳಿದರು. ಮುಚ್ಚಳದ ಕಾರಾಗಿದ್ದರೆ ಆ 27 ಸೆಕೆಂಡ್ ಎಷ್ಟಾಗುತ್ತಿತ್ತು, ಯೋಚಿಸಿ.

2021ರಲ್ಲಿ ಇಟಲಿಯ ಮೊಂಜಾದಲ್ಲಿ ವರ್ಸ್ಟಾಪೆನ್ ಅವರ ಕಾರಿನ ಹಿಂದಿನ ಚಕ್ರ ಹ್ಯಾಮಿಲ್ಟನ್ ಅವರ ಹಾಲೋ ಮೇಲೆ ಏರಿ ಹೆಲ್ಮೆಟ್ಟನ್ನೂ ತಾಗಿತು. 2022ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಝೌ ಗ್ವಾನ್‌ಯು ಅವರ ಕಾರು ಬೋರಲಾಗಿ ಜಲ್ಲಿಯ ಮೇಲೆ ಜಾರಿ, ಟೈರಿನ ಗೋಡೆ ಹಾರಿ, ಗೋಡೆಗೂ ಬೇಲಿಗೂ ನಡುವೆ ಸಿಕ್ಕಿಕೊಂಡಿತು. ತಲೆಯ ಹಿಂದೆ ಇರುವ ರೋಲ್ ಹೂಪ್ ಎಂಬ ಗಟ್ಟಿ ಕಮಾನು ಇಂಥ ಸಮಯಕ್ಕಾಗಿಯೇ ಇರುವುದು. ಅದೇ ಮುರಿದುಹೋಗಿತ್ತು. ಭಾರವೆಲ್ಲ ಹಾಲೋ ಮೇಲೆ. ಮುಂದಿನ ವರ್ಷ ಹೂಪಿನ ತುದಿ ದುಂಡಗಿರಬೇಕು, ನೆಲಕ್ಕೆ ಕಚ್ಚಿಕೊಳ್ಳಬಾರದು ಅಂತ ನಿಯಮ ಬಿಗಿ ಮಾಡಿದರು.

ಅಮೆರಿಕದ ಇಂಡಿಕಾರ್ ಎಂಬ ರೇಸ್ ಸರಣಿ ಬೇರೆ ದಾರಿ ಹಿಡಿಯಿತು. ಅಲ್ಲಿ 2015ರಲ್ಲಿ ಪೊಕೊನೊದಲ್ಲಿ ಮುಂದೆ ಅಪಘಾತವಾದ ಕಾರಿನ ಮೂತಿಯ ತುಂಡು ಗಾಳಿಯಲ್ಲಿ ತಿರುಗಿ ಬಂದು ಜಸ್ಟಿನ್ ವಿಲ್ಸನ್ ಅವರ ಹೆಲ್ಮೆಟ್ಟಿಗೆ ಬಡಿಯಿತು. ಮರುದಿನ ತೀರಿಕೊಂಡರು. ತುಂಡುಗಳು ಮೇಲಿನಿಂದಲೂ ಬರುತ್ತವೆ, ಸಂದಿಯಿಂದಲೂ ಬರುತ್ತವೆ. ಹೀಗಾಗಿ 2020ರಿಂದ ಅವರು ಏರೋಸ್ಕ್ರೀನ್ ಹಾಕಿದರು. ಹಾಲೋದಂಥದ್ದೇ ಟೈಟಾನಿಯಂ ಚೌಕಟ್ಟು, ಅದಕ್ಕೆ ಪದರ ಪದರವಾಗಿ ಅಂಟಿಸಿದ ಪಾಲಿಕಾರ್ಬೊನೇಟ್ ತಡೆ, ಮೇಲ್ಗಡೆ ಮಾತ್ರ ತೆರೆದದ್ದು. ಮಂಜು ಹಿಡಿಯದಂತೆ ಬಿಸಿ ಮಾಡುವ ತಂತಿ ಇದೆ, ಕೊಳೆಯಾದರೆ ಸಿಪ್ಪೆಯಂತೆ ಕಿತ್ತೆಸೆಯುವ ತೆಳು ಹಾಳೆ ಇದೆ. ಮುಖಕ್ಕೆ ಬಡಿಯುತ್ತಿದ್ದ ಗಾಳಿ ನಿಂತಿತು, ಸೆಕೆ ಶುರುವಾಯಿತು. ಗಾಳಿ ತರಲು ಕೊಳವೆ, ಹೆಲ್ಮೆಟ್ಟಿನೊಳಕ್ಕೆ ಇನ್ನೊಂದು ಕೊಳವೆ. ತೂಕವೂ 20 ಕೆಜಿಗಿಂತ ಜಾಸ್ತಿ. ಆದರೂ ಸಣ್ಣ ತುಂಡುಗಳ ಮಟ್ಟಿಗೆ ಇಂಡಿಕಾರ್ ಚಾಲಕನೇ ಇವತ್ತು ಹೆಚ್ಚು ಸುರಕ್ಷಿತ ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಇವುಗಳಿಂದ ಆಗದ್ದೂ ಇದೆ. 2014ರಲ್ಲಿ ಜಪಾನಿನ ಸುಜುಕಾದಲ್ಲಿ ಜೂಲ್ಸ್ ಬಿಯಾಂಕಿ ಅವರ ಕಾರು ಬೇರೊಂದು ಕಾರನ್ನು ಎತ್ತುತ್ತಿದ್ದ ಭಾರಿ ಯಂತ್ರದ ಅಡಿಗೆ ನುಗ್ಗಿತು. ಮುಚ್ಚಿದ ಕಾಕ್‌ಪಿಟ್ ಇದ್ದರೂ ಉಪಯೋಗವಾಗುತ್ತಿರಲಿಲ್ಲ ಅಂತ ತನಿಖೆ ಹೇಳಿತು. ಅಲ್ಲಿ ಬೇಕಿದ್ದದ್ದು ಟ್ರ್ಯಾಕಿನಲ್ಲಿ ಆ ಯಂತ್ರ ಇರುವಷ್ಟು ಹೊತ್ತು ಕಾರುಗಳು ನಿಧಾನವಾಗಿ ಹೋಗುವುದು. 2019ರಲ್ಲಿ ಸ್ಪಾದ ಫಾರ್ಮುಲಾ 2 ರೇಸಿನಲ್ಲಿ ಆಂಟ್ವಾನ್ ಹ್ಯೂಬರ್ಟ್ ಅವರ ಕಾರಿಗೆ ಬದಿಯಿಂದ ಇನ್ನೊಂದು ಕಾರು ಬಡಿಯಿತು. ಹಾಲೋ ಇತ್ತು. ಅವರು ಬದುಕಲಿಲ್ಲ. ಹಾಲೋ ಬಗ್ಗೆ ಮಾತಾಡುವಾಗ ಈ ಹೆಸರನ್ನು ಬಿಡಬಾರದು.

ಕೊನೆಗೆ ಮಾಸಾ ಅವರ ಸ್ಪ್ರಿಂಗಿಗೆ ವಾಪಸ್ ಬರುತ್ತೇನೆ. ಅದೇ ಸ್ಪ್ರಿಂಗ್ ಇವತ್ತಿನ ಫಾರ್ಮುಲಾ 1 ಕಾರಿನ ಕಡೆ ಬಂದರೆ? ಹಾಲೋಗೆ ತಾಗಿ ಬೇರೆ ಕಡೆ ಹೋಗಬಹುದು, ಸಂದಿಯಲ್ಲಿ ಒಳಗೂ ಬರಬಹುದು. ಬಂದರೆ ಅದನ್ನು ಎದುರಿಸಲು ಉಳಿಯುವುದು ಹೆಲ್ಮೆಟ್ ಒಂದೇ. ಮಾಸಾ ಅಪಘಾತದ ನಂತರ, 2011ರಲ್ಲಿ, ವೈಸರಿನ ಮೇಲಂಚಿಗೆ ಜೈಲಾನ್ ಎಂಬ ಗಟ್ಟಿ ನಾರಿನ ಪಟ್ಟಿ ಬಂತು. ಫಾರ್ಮುಲಾ 1ರಲ್ಲಿ 2019ರಿಂದ ಹೊಸ ಹೆಲ್ಮೆಟ್. ಅದರಲ್ಲಿ ಕಣ್ಣಿನ ಕಿಂಡಿಯ ಮೇಲಂಚನ್ನೇ 10 ಮಿಲಿಮೀಟರ್ ಕೆಳಗೆ ತಂದರು. ಸ್ಪ್ರಿಂಗ್ ಬಡಿದ ಆ ಜಾಗದಲ್ಲಿ ಈಗ ಗಟ್ಟಿ ಚಿಪ್ಪು ಇದೆ. 225 ಗ್ರಾಂ ಲೋಹದ ತುಂಡನ್ನು ಗಂಟೆಗೆ 250 ಕಿ.ಮೀ. ವೇಗದಲ್ಲಿ ಹಾರಿಸಿ ಆ ಚಿಪ್ಪನ್ನು ಪರೀಕ್ಷಿಸುತ್ತಾರೆ. ಅದರ ಕೆಳಗಿನ ವೈಸರನ್ನು ಏರ್ ಗನ್ನಿನಿಂದ ಹೊಡೆದು ನೋಡುತ್ತಾರೆ. ಆ ಗುಂಡಿನ ತೂಕ 1.2 ಗ್ರಾಂ. ಚಿಪ್ಪಿನ 225 ಗ್ರಾಮಿಗೂ ವೈಸರಿನ 1.2 ಗ್ರಾಮಿಗೂ ನಡುವೆ ಇರುವ ಕೆಲಸ ಇನ್ನೂ ಬಾಕಿ ಇದೆ.